ಹಳ್ಳದಾಚೆ ನಾನು ಕಂಡ ಹಳಿ

ಹನುಮಜ್ಜಾ, ಹಳಿ ಇತ್ತು. ನಾನು ಅದನ್ನು ಕಣ್ಣಾರೆ ನೋಡಿದೆ, ಕೈಯಿಂದ ಮುಟ್ಟಿದೆ, ಫೋಟೋ ತೆಗೆದೆ — ಆಮೇಲೆ ಇಲ್ಲ ಎಂದು ಬರೆದೆ. ನಾಲ್ಕು ವರ್ಷದ ಹಿಂದೆ ಇದೇ ವಾರಪತ್ರಿಕೆಯಲ್ಲಿ ಬಂದ ನನ್ನ ಪ್ರವಾಸ ಲೇಖನದಲ್ಲಿ, ‘ನಾಲ್ಕು ದಿನ ಸೈಕಲ್ ತುಳಿದರೂ ಹಳಿಯ ಒಂದು ತುಂಡೂ ಕಾಣಲಿಲ್ಲ’ ಎಂಬ ಸಾಲಿದೆ. ಆ ಸಾಲು ಸುಳ್ಳು. ಕಣ್ತಪ್ಪಲ್ಲ, ಅವಸರವಲ್ಲ — ಸುಳ್ಳು.

ನಿಮಗೆ ಓದಲು ಬರುವುದಿಲ್ಲ, ಗೊತ್ತು. ಮೊಮ್ಮಗಳು ಲಲಿತಾ ಓದಿ ಹೇಳಲಿ. ಗುಟ್ಟಾಗಿ ಒಂದು ಪತ್ರ ಬರೆದು ಮುಗಿಸಬಹುದಿತ್ತು. ಆದರೆ ಸುಳ್ಳನ್ನು ಊರಿಗೆಲ್ಲ ಹಂಚಿ, ನಿಜವನ್ನು ನಿಮ್ಮೊಬ್ಬರ ಕಿವಿಯಲ್ಲಿ ಹೇಳುವುದು — ಅದು ಇನ್ನೊಂದು ಮೋಸ.

ಓದುಗರಿಗೆ ನಾನು ಯಾರೆಂದು ಹೇಳಬೇಕು. ಶಿರಸಿಯ ಹುಡುಗಿ. ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯ ಫಲಕ ಬಿಟ್ಟುಕೊಟ್ಟವಳಲ್ಲ. ಚೀಟಿ ಎತ್ತಿದಾಗ ‘ಪರ’ ಬಂದರೂ ಸೈ, ‘ವಿರೋಧ’ ಬಂದರೂ ಸೈ. ನಮಗೆ ಹೇಳಿಕೊಟ್ಟ ಮೊದಲ ಪಾಠ: ಎದುರಾಳಿಗೆ ಸಿಗದ ಸಾಕ್ಷಿಯನ್ನು ನೀನು ಹುಡುಕಿಕೊಡಬೇಡ. ಏಳು ನಿಮಿಷದ ವೇದಿಕೆಗೆ ಅದು ಸರಿಯಾದ ಪಾಠವೇ. ನಾನು ವೇದಿಕೆಯಿಂದ ಇಳಿದದ್ದೇ ಇಲ್ಲ — ಅಲ್ಲಿಂದ ಶುರು.

ಯಲ್ಲಾಪುರದ ಕಾಡಿನಲ್ಲಿ ಹಿಂದೆ ಮರ ಸಾಗಿಸುವ ಹಳಿಯಿತ್ತಂತೆ ಎಂದು ಯಾರೋ ಹೇಳಿದಾಗ ನನಗೆ ನಗು ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರ — ನಮ್ಮ ಈ ಮೂರು ತಾಲೂಕಿಗೆ ರೈಲು ಎಂದರೆ ಚುನಾವಣೆಗೊಮ್ಮೆ ಬಂದು ಹೋಗುವ ಮಾತು. ಬಾರದ ರೈಲಿಗೆ ಹಳೆಯ ಹಳಿ ಬೇರೆಯೇ? ನೋಡಿಯೇ ಬಿಡುತ್ತೇನೆ ಎಂದು ಗೆಳೆಯರ ಮುಂದೆಲ್ಲ ಸಾರಿದೆ. ಈ ದಂತಕಥೆಯ ಬಣ್ಣ ಬಯಲು ಮಾಡುವ ಲೇಖನ ಕೊಡುತ್ತೇನೆಂದು ಪತ್ರಿಕೆಗೂ ಮಾತು ಕೊಟ್ಟೆ. ಅಂದರೆ, ನೋಡುವ ಮೊದಲೇ ತೀರ್ಪು ಬರೆದಾಗಿತ್ತು.

ಫೆಬ್ರವರಿಯಲ್ಲಿ ನಾನೂ ಚಿಕ್ಕಪ್ಪನ ಮಗ ವಿನಯನೂ ಬೆನ್ನಿಗೆ ಚೀಲ ಕಟ್ಟಿಕೊಂಡು ಸಿದ್ದಾಪುರದಿಂದ ಹೊರಟೆವು. ಮೊದಲ ದಿನ ಶಿರಸಿ, ಎರಡನೆಯ ದಿನ ಯಲ್ಲಾಪುರ. ಮೂರನೆಯ ದಿನ ಡಾಂಬರು ಬಿಟ್ಟು, ಜನ ತೋರಿಸಿದ ‘ಹಳಿ ಹಾದಿ’ ಹಿಡಿದೆವು. ಅಲ್ಲಿ ಒಂದು ವಿಚಿತ್ರ ನನ್ನ ಕಾಲಿಗೆ ತಿಳಿಯಿತು. ಕಾಡಿನ ದಾರಿ ಎಂದರೆ ಹತ್ತು ಮಾರಿಗೊಂದು ಏರು, ಒಂದು ಇಳುಕಲು. ಈ ಹಾದಿಯಲ್ಲಿ ಒಮ್ಮೆಯೂ ಗೇರು ಬದಲಿಸಬೇಕಾಗಲಿಲ್ಲ. ಗುಡ್ಡದ ಸೊಂಟ ಬಳಸಿಕೊಂಡು ಒಂದೇ ಹದದಲ್ಲಿ ಏರುತ್ತಿತ್ತು. ಎತ್ತಿನ ಗಾಡಿಗೆ ಯಾರೂ ಅಷ್ಟು ನಯವಾಗಿ ಗುಡ್ಡ ಕಡಿಯುವುದಿಲ್ಲ. ಕಾಲಿಗೆ ತಿಳಿದದ್ದನ್ನು ತಲೆ ಒಪ್ಪಲಿಲ್ಲ.

ಸಂಜೆ ನಿಮ್ಮ ಕೇರಿ ಸಿಕ್ಕಿತು. ಅಂಗಳದಲ್ಲಿ ಕೂತಿದ್ದ ನೀವು ನಮ್ಮನ್ನು ನೋಡಿ ನಕ್ಕಿರಿ.

“ಎಂತ ತಂಗಿ, ಸೈಕಲ್ ನೀವು ಹೊಡೀತ್ರಿ, ಹೊರೆಯೂ ನೀವೇ ಹೊತ್ಕಂಡೀರಿ. ಆ ಸೈಕಲ್ಲಿಗೆ ಎಂತ ಕೆಲಸ ಮತ್ತೆ?”

ವಿನಯ ಬಿದ್ದು ಬಿದ್ದು ನಕ್ಕ. ನನಗೆ ಸ್ವಲ್ಪ ಚುಚ್ಚಿತು — ಅದನ್ನೂ ಹೇಳಿಬಿಡುತ್ತೇನೆ. ಲಲಿತಾ ಬೆಲ್ಲದ ಚಹಾ ತಂದಳು. ಹಳಿಯ ಮಾತೆತ್ತಿದೆ. ನಿಮ್ಮ ಮುಖ ಅರಳಿತು. ನಿಮ್ಮ ಅಪ್ಪ ಆ ಹಳಿಯ ಕೆಲಸಕ್ಕೆಂದು ಬಂದು ಇಲ್ಲೇ ಗುಡಿಸಲು ಕಟ್ಟಿದ್ದು, ಎತ್ತು ಟ್ರಾಲಿ ಎಳೆಯುತ್ತಿದ್ದದ್ದು, ಮರದ ದಿಮ್ಮಿ ಹೇರಿದ ಟ್ರಾಲಿಯನ್ನು ಅಪ್ಪನೂ ಜೊತೆಯವರೂ ಹಿಡಿಯುತ್ತಿದ್ದದ್ದು, ಆಮೇಲೆ ಒಂದು ವರ್ಷ ಹಳಿಯನ್ನೆಲ್ಲ ಕಿತ್ತುಕೊಂಡು ಹೋದದ್ದು — ಎಲ್ಲ ಹೇಳಿದಿರಿ. “ಒಂದು ಮೊಳೆ ಸೈತ ಬಿಡಲಿಲ್ಲ” ಎಂದಿರಿ.

ನಾನು ಹಿಡಿದುಕೊಂಡೆ. “ಆಗಲೇ ಟ್ರಾಲಿ ಎತ್ತು ಎಳೀತಿತ್ತು ಅಂದ್ರಿ. ಈಗ ಜನ ಹಿಡೀತಿದ್ರು ಅಂತೀರಿ. ಯಾವುದು ಸರಿ ಅಜ್ಜ?”

“ಎರಡೂ ಸರಿಯೇ...”

“ಎರಡೂ ಹೇಗೆ ಸರಿಯಾಗ್ತದೆ?”

ಅಷ್ಟು ಹೊತ್ತಿಗೆ ಅಕ್ಕಪಕ್ಕದವರು ಸೇರಿದ್ದರು. ಬೇಲಿಗೆ ಒರಗಿದ್ದ ಒಬ್ಬರು, “ಹೋತು! ಹನುಮಜ್ಜನ ಟ್ರಾಲಿ ಪಲ್ಟಿ ಹೊಡೀತು!” ಎಂದರು. ಅಂಗಳವೆಲ್ಲ ನಕ್ಕಿತು. ನೀವು ಎರಡು ಸಲ “ಹಂಗಲ್ಲ ತಂಗಿ” ಎಂದು ಶುರು ಮಾಡಿದಿರಿ, ಆ ನಗುವಿನಲ್ಲಿ ಅದು ಮುಳುಗಿಹೋಯಿತು. ನಾನು ಗೆದ್ದೆ. ಎಂಬತ್ತು ದಾಟಿದ ಒಬ್ಬರನ್ನು, ಅವರದೇ ಅಂಗಳದಲ್ಲಿ, ಅವರ ಚಹಾ ಕುಡಿದು.

ಉತ್ತರ ಮರುದಿನ ನನ್ನ ಸೈಕಲ್ಲೇ ಹೇಳಿತು: ಇಳುಕಲಿನಲ್ಲಿ ಬ್ರೇಕು ಬಿಡುವಂತಿಲ್ಲ, ಏರಿನಲ್ಲಿ ತುಳಿಯದೆ ಗತಿಯಿಲ್ಲ. ದಿಮ್ಮಿ ಹೇರಿ ಇಳಿಯುವಾಗ ಟ್ರಾಲಿ ಓಡದಂತೆ ಹಿಡಿಯಲು ಜನ ಬೇಕು. ಖಾಲಿ ಟ್ರಾಲಿ ಏರಿಸಲು ಎತ್ತು ಬೇಕು. ಎರಡೂ ಸರಿಯೇ. ನೀವು ಹೇಳಲು ಹೊರಟದ್ದು ಅಷ್ಟೇ.

ನಾಲ್ಕನೆಯ ದಿನ ಹಳ್ಳಕ್ಕೆ ಬಂದೆವು. ಎರಡೂ ದಡದಲ್ಲಿ ಎದುರುಬದುರು ಕಲ್ಲಿನ ಕಟ್ಟೆ, ಹಿಂದೆ ಸೇತುವೆ ಹೊತ್ತಿದ್ದಂತೆ. ಇದು ಯಾವುದೋ ಹಳೆಯ ಒಡ್ಡು ಇರಬೇಕು ಎಂದು ನಾನೇ ಸಮಜಾಯಿಷಿ ಕೊಟ್ಟೆ. ಸೈಕಲ್ ಹೊತ್ತು ದಾಟಿದೆವು. ಆಚೆ ದಾರಿ ತಪ್ಪಿತು. ಒಂದು ತಾಸು ಮುಳ್ಳಲ್ಲಿ ನೂಕಿದ ಮೇಲೆ ದೊಡ್ಡದೊಂದು ಮತ್ತಿ ಮರದ ಬುಡದಲ್ಲಿ ವಿನಯ ಎಡವಿದ. ಬೇರಲ್ಲ, ಕಬ್ಬಿಣ. ಎರಡು ಮಾರು ಉದ್ದದ ಹಳಿ. ಅದರ ಒಂದು ತುದಿ ಮಣ್ಣಲ್ಲಿ. ಇನ್ನೊಂದು ತುದಿಯನ್ನು ಮರ ಬೆಳೆಯುತ್ತ ಬೆಳೆಯುತ್ತ ನುಂಗಿತ್ತು. ಕಿತ್ತುಕೊಂಡು ಹೋದವರು ಅದನ್ನು ಬಿಡಿಸಲಾರದೆ ಬಿಟ್ಟಿರಬೇಕು.

ವಿನಯ ಮನೆಮಾತಿನಲ್ಲಿ ಹೇಳಿದ, “ಹಳಿ ಮರದ ಹೊಟ್ಟೆ ಒಳಗೇ ಇದ್ದು. ಯಾರೂ ತಂದಿಟ್ಟಿದ್ದಲ್ಲ. ಅಜ್ಜಂಗೆ ಹೋಗಿ ಹೇಳನ.”

ನಾನು ಫೋಟೋ ತೆಗೆದು ಫೋನು ಜೇಬಿಗಿಟ್ಟೆ. “ಬರೆಯದು ಆನು. ನೀ ಸುಮ್ಮಂಗಿರು” ಎಂದೆ. ಬರೆಯುವವಳು ನಾನು, ಅವನಲ್ಲ.

ಅವನು ಸೈಕಲ್ ಎತ್ತಿಕೊಂಡು ಹೊರಟ. ಲೇಖನ ಓದಿದ ಮೇಲೆ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಯಾಕೆ ಹಾಗೆ ಬರೆದೆ? ಹಿಂದಿನ ಸಂಜೆಯ ಆ ನಗು ನನ್ನ ಪರವಾಗಿತ್ತು. ನಿಜ ಬರೆದರೆ ಅದು ನನ್ನ ಕಡೆಗೇ ತಿರುಗುತ್ತಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಸಿಗಲಿ ಎಂದು ಬಹಳ ಹುಡುಕಿದ್ದೇನೆ —

ಆದರೂ ಅದು ಮೊದಲ ಸುಳ್ಳು ಮಾತ್ರ. ಎರಡನೆಯದು ಹೋದ ವರ್ಷದ್ದು.

ಲಲಿತಾ ಫೋನು ಮಾಡಿದ್ದಳು. ನೀವು ಉಳುವ ಒಂದೂವರೆ ಎಕರೆಗೆ ಅರಣ್ಯ ಹಕ್ಕಿನ ಅರ್ಜಿ ಹಾಕಿದ್ದಿರಿ. ಮೂರು ತಲೆಮಾರಿನಿಂದ ಅಲ್ಲೇ ಇದ್ದೇವೆಂದು ತೋರಿಸಬೇಕು. ಕಾಗದ ಇಲ್ಲ, ಅಪ್ಪ ಹಳಿಯ ಕೆಲಸಕ್ಕೆ ಬಂದರು ಎಂಬ ನಿಮ್ಮ ಮಾತೊಂದೇ ಆಧಾರ. ಅದನ್ನು ಪರಿಶೀಲಿಸುವ ಗ್ರಾಮಸಭೆಯಲ್ಲಿ ಯಾರೋ ಎದ್ದು ನನ್ನ ಲೇಖನ ಓದಿದರಂತೆ. ಹಳಿಯೇ ಇರಲಿಲ್ಲವೆಂದ ಮೇಲೆ ಅಪ್ಪ ಯಾವ ಕೆಲಸಕ್ಕೆ ಬಂದ? ನಿಮ್ಮ ಹೇಳಿಕೆಯನ್ನು ನಂಬಲಾಗದು ಎಂದು ಅರ್ಜಿ ಪಕ್ಕಕ್ಕಿಟ್ಟರು.

“ಅಕ್ಕಾ, ನಾ ಜಗಳಕ್ಕೆ ಫೋನ್ ಮಾಡಿದ್ದಲ್ಲ” ಎಂದಳು ಅವಳು. “ಒಂದೇ ಮಾತು. ಆವತ್ತು ನೀವು ಹಳ್ಳ ದಾಟಿದ್ರಾ? ಆಚೆ ಏನಾದ್ರೂ ಕಂಡಿತ್ತಾ?”

ಹೌದು ಎನ್ನಲು ಎರಡು ಅಕ್ಷರ ಸಾಕಿತ್ತು. ಫೋಟೋ ಅದೇ ಫೋನಿನಲ್ಲಿತ್ತು, ನನ್ನ ಕಿವಿಗೆ ತಾಗಿಕೊಂಡು.

“ಇಲ್ಲ ತಂಗಿ, ದಾಟಲಿಲ್ಲ” ಎಂದೆ.

“ಹಂಗಾರೆ ಸರಿ ಅಕ್ಕ” ಎಂದಳು. ಫೋನಿಡುವ ಮೊದಲು, “ಅಜ್ಜ ಈಗ ಆ ಸುದ್ದಿ ಎತ್ತೂದೇ ಇಲ್ಲ. ನಂಗೇ ಮರುಳೋ ಏನೋ, ಅಪ್ಪ ಬೇರೆ ಎಲ್ಲಿಂದಾದ್ರೂ ಬಂದಿದ್ನೋ ಏನೋ, ಅಂತ್ರು” ಎಂದಳು.

ಅಜ್ಜಾ, ಜಮೀನಿನದು ಒಂದು ತೂಕ. ಆದರೆ ನಿಮ್ಮ ಅಪ್ಪನ ನೆನಪನ್ನೇ ನೀವು ಅನುಮಾನಿಸುವಂತೆ ಮಾಡಿದೆನಲ್ಲ — ಅದಕ್ಕೆ ಯಾವ ಅರ್ಜಿ, ಯಾವ ಮರುಪರಿಶೀಲನೆ? ಅನುಮಾನವೇ ನನ್ನ ಹೆಮ್ಮೆಯಾಗಿತ್ತು. ಎಲ್ಲವನ್ನೂ ಪ್ರಶ್ನಿಸುತ್ತೇನೆ ಎನ್ನುತ್ತಿದ್ದೆ. ಇಡೀ ನಾಲ್ಕು ವರ್ಷದಲ್ಲಿ ಪ್ರಶ್ನಿಸದೆ ಬಿಟ್ಟದ್ದು ನನ್ನೊಬ್ಬಳನ್ನೇ.

ನಿಮ್ಮ ಅರ್ಜಿ ಬರುವ ಸೋಮವಾರ ಮತ್ತೆ ಸಭೆಗೆ ಬರುತ್ತದೆಂದು ತಿಳಿಯಿತು. ನಾನು ಬರುತ್ತೇನೆ. ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿದ್ದೇನೆ. ಲಿಖಿತ ಹೇಳಿಕೆಗೆ ನಾನೂ ವಿನಯನೂ ಸಹಿ ಹಾಕಿದ್ದೇವೆ. ಲೇಖನವೂ ಸುಳ್ಳು, ಫೋನಿನಲ್ಲಿ ಹೇಳಿದ್ದೂ ಸುಳ್ಳು ಎಂದು ಅದರಲ್ಲೇ ಇದೆ. ನನ್ನ ಮುಖ ನೋಡುವುದು ನಿಮಗೆ ಬೇಡವಾಗಿದ್ದರೆ ಹೇಳಿ ಕಳಿಸಿ. ಹೇಳಿಕೆ ಕೊಟ್ಟು ಹೊರಗೆ ಜಗುಲಿಯಲ್ಲಿ ನಿಲ್ಲುತ್ತೇನೆ. ಕ್ಷಮೆ ಕೇಳುವ ಯೋಚನೆಯಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನನಗೆ ಅದು ಬಹಳ ಸಲೀಸು.

ಸಭೆಯಲ್ಲಿ ಯಾರಾದರೂ ಏಳಬಹುದು: ‘ಎರಡು ಸಲ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತಿದ್ದಾಳೆಂದು ಹೇಗೆ ನಂಬುವುದು?’ ಸರಿಯಾದ ಪ್ರಶ್ನೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ನನ್ನನ್ನು ನಂಬಬೇಡಿ ಎನ್ನುತ್ತೇನೆ. ಹಳ್ಳ ದಾಟಿ, ಮರ ನೋಡಿ. ಹೋದ ಭಾನುವಾರ ಒಬ್ಬಳೇ ಹೋಗಿ, ಮತ್ತಿ ಮರದ ತನಕ ಮುಳ್ಳು ಸವರಿ ಬಂದಿದ್ದೇನೆ. ಹಳಿ ಇದ್ದಲ್ಲೇ ಇದೆ. ಸಭೆ ಮುಗಿಯುವ ತನಕ ಕಾಯುವುದಿಲ್ಲ. ಅವರನ್ನೆಲ್ಲ ಎಬ್ಬಿಸಿಕೊಂಡೇ ಹೊರಡುತ್ತೇನೆ. ನಿಮ್ಮ ಮೊಣಕಾಲು ಒಪ್ಪಿದರೆ ನೀವು ಮುಂದೆ ನಡೆಯಿರಿ ಅಜ್ಜ. ಇಳುಕಲಿಗೆ ಯಾರು, ಏರಿಗೆ ಯಾರು ಎಂದು ದಾರಿಯುದ್ದಕ್ಕೂ ನೀವೇ ಹೇಳಿ. ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ.