ಕುಲಕರ್ಣಿ ಮೇಡಂ ಹಾಕಿದ ಮತ

ಕುಲಕರ್ಣಿ ಮೇಡಂ ಯಾವ ಮಾತನ್ನೂ ಮೊದಲ ಸಲಕ್ಕೆ ನಂಬಿದವರಲ್ಲ. ಟ್ರಾಮಿನ ಹಣೆಯ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನನ್ನು ಕೇಳುವರು. ಅವನು ಹೇಳಿದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುವರು. ಹಾಲಿನವನಿರಲಿ, ವೈಸ್ ಚಾನ್ಸಲರ್ ಇರಲಿ, ಪ್ರಶ್ನೆ ಒಂದೇ: "ಖರೇನ? ಯಾರು ಹೇಳ್ಯಾರ?"

ಧಾರವಾಡದವರಾದ ಅವರು ಕೋಲ್ಕತ್ತದ ವಿಶ್ವವಿದ್ಯಾಲಯವೊಂದರಲ್ಲಿ ಸಾರಿಗೆ ಎಂಜಿನಿಯರಿಂಗ್ ಕಲಿಸುತ್ತಿದ್ದರು. ಉಡುಪಿ ಕಡೆಯವಳಾದ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದಾಗ, "ಕನ್ನಡದಾಕಿ ಸಿಕ್ಕಿದ್ದು ಛಲೋ ಆತು. ನೀ ಸುಳ್ಳು ಹೇಳಿದ್ರ ನನಗ ಲಗೂನ ತಿಳೀತದ" ಎಂದಿದ್ದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಎಡರಂಗದ ಆಳ್ವಿಕೆಯ ಕೊನೆಯ ವರ್ಷಗಳವು. ದಕ್ಷಿಣೇಶ್ವರದಿಂದ ಗಾರ್ಡನ್ ರೀಚ್‌ವರೆಗೆ, ನದಿಯ ಪಕ್ಕದ ಜನವಸತಿಗೆಲ್ಲ ಅನುಕೂಲವಾಗುವ ಹಾಗೆ ಮೆಟ್ರೋಗಿಂತ ಚಿಕ್ಕದಾದ ಲೈಟ್ ರೈಲು ಹಾಕಬೇಕೋ, ಬಸ್ಸುಗಳಿಗೇ ಮೀಸಲಾದ ಪ್ರತ್ಯೇಕ ದಾರಿ ಮಾಡಬೇಕೋ ಎಂದು ತೀರ್ಮಾನಿಸಲು ಒಂದು ಸಮಿತಿ ನೇಮಕವಾಯಿತು. ಮೇಡಂ ಅದರ ಸದಸ್ಯೆ. ಮೊದಲ ಸಭೆಯಲ್ಲಿ ರೈಲಿನ ನಕ್ಷೆ ಬಿಡಿಸಿಟ್ಟ ಕೂಡಲೇ ಅವರ ಬೆರಳು ಒಂದು ಕಡೆ ನಿಂತಿತು. ರೈಲುಗಳನ್ನು ನಿಲ್ಲಿಸುವ ಡಿಪೋಕ್ಕೆ ಮುಚ್ಚಿಹೋದ ಸೆಣಬಿನ ಮಿಲ್ಲೊಂದರ ಜಾಗವನ್ನು ಗುರುತಿಸಿದ್ದರು. "ಇಷ್ಟು ಜಾಗ ಬಿಟ್ಟು ಇಲ್ಲೇ ಯಾಕೆ? ಈ ನೆಲ ಯಾರದು?" ಎಂದು ಕೇಳಿದರು. ನಕ್ಷೆ ತಂದವರು ಮುಖಮುಖ ನೋಡಿಕೊಂಡರು. ಆ ನೆಲದಿಂದ ಯಾರಿಗೋ ಲಾಭವಿದೆ ಎಂಬ ಸಂಶಯಕ್ಕೆ ಅಷ್ಟೇ ಸಾಕಾಯಿತು. ಅವತ್ತಿನಿಂದ ಬಸ್ಸಿನ ಪರ ಇದ್ದವರೆಲ್ಲ ಅವರನ್ನು 'ನಮ್ಮ ದೀದಿ' ಎನ್ನತೊಡಗಿದರು.

ಅದೇ ದಿನಗಳಲ್ಲಿ ರೈಲು ಯೋಜನೆಯ ಸಲಹೆಗಾರರೊಬ್ಬರು ಪಾರ್ಕ್ ಸ್ಟ್ರೀಟಿನಲ್ಲಿ ಸಿಕ್ಕಿ, ಮಳೆಯಲ್ಲಿ ನಿಂತಿದ್ದ ನನ್ನನ್ನು ಕಾರಿನಲ್ಲಿ ವಿಶ್ವವಿದ್ಯಾಲಯಕ್ಕೆ ತಂದುಬಿಟ್ಟರು. ನಾನು ಕಾರಿನಿಂದ ಇಳಿಯುವುದನ್ನು ಮೇಡಂ ಕಿಟಕಿಯಿಂದ ನೋಡಿದರು. ಏನೂ ಕೇಳಲಿಲ್ಲ. ಆದರೆ ಮರುದಿನದಿಂದ ಸಮಿತಿಯ ಕಾಗದಗಳನ್ನು ನನಗೆ ತೋರಿಸುವುದನ್ನು ನಿಲ್ಲಿಸಿದರು. ನಾನು ಕೋಣೆಯೊಳಗೆ ಬಂದರೆ ಮೇಜಿನ ಮೇಲಿದ್ದದ್ದನ್ನು ಮಗುಚಿಡುತ್ತಿದ್ದರು. ಕೇಳದೆ ಇರುವವರಿಗೆ ಉತ್ತರ ಕೊಡುವುದು ಹೇಗೆ? ಹಾಸ್ಟೆಲಿಗೆ ಹೋಗಿ ಅತ್ತದ್ದೂ ಉಂಟು.

ಆದರೂ ಮಿಲ್ಲಿನ ಜಾಗ ನೋಡಲು ಹೊರಟಾಗ ನನ್ನನ್ನೇ ಕರೆದರು. ದೋಣಿಯಲ್ಲಿ ಹೋಗಿ, ಬೀಗ ಜಡಿದ ಗೇಟಿನ ಎದುರಿನ ಚಹದಂಗಡಿಯಲ್ಲಿ ಕುಳಿತು, ಮಿಲ್ಲಿನ ಹಳೆಯ ಕೆಲಸಗಾರರನ್ನು ಒಬ್ಬೊಬ್ಬರಾಗಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ವಿಚಾರಿಸಿದರು. ಭೂ ಕಚೇರಿಗೂ ಹೋದರು. ಎಲ್ಲ ಕಡೆ ಒಂದೇ ಉತ್ತರ: ಆ ನೆಲ ಯಾವತ್ತೋ ಸರ್ಕಾರಕ್ಕೆ ಮರಳಿತ್ತು, ಅದರಿಂದ ಲಾಭ ಮಾಡಿಕೊಳ್ಳುವ ಒಡೆಯನೇ ಇರಲಿಲ್ಲ. ಬರುವಾಗ ಬಸ್ಸಿನ ದಾರಿ ಗುರುತಿಸಿದ್ದ ರಸ್ತೆಯಲ್ಲಿ ನಡೆದೆವು. ಅದನ್ನು ಅಗಲ ಮಾಡಬೇಕಾದರೆ ಎರಡೂ ಬದಿಯ ಅಂಗಡಿ, ಗುಡಿಸಲುಗಳೆಲ್ಲ ಹೋಗಬೇಕಿತ್ತು. ರೈಲಿಗಾದರೆ ನದಿಯಂಚಿನಲ್ಲಿ ಪಾಳುಬಿದ್ದ ಹಳೆಯ ಹಳಿಯ ಜಾಗವೇ ಸಾಕಿತ್ತು.

ಕೊನೆಯ ಸಭೆಗೆ ನನ್ನನ್ನೂ ಕರೆದೊಯ್ದರು. ಅವರು ಎದ್ದು ನಿಂತು, "ಡಿಪೋದ ಬಗ್ಗೆ ನಾನು ಪಟ್ಟ ಸಂಶಯ ತಪ್ಪು. ನನ್ನ ಮತ ಲೈಟ್ ರೈಲಿಗೆ" ಎಂದರು. ಬಸ್ಸಿನ ಪರ ಇದ್ದ ಹಿರಿಯರೊಬ್ಬರು ತಣ್ಣಗೆ ಕೇಳಿದರು: "ದೀದಿ, ಅವರು ನಿಮಗೆ ಏನು ಕೊಟ್ಟರು?"

"ಕೇಳಬೇಕಾದ ಪ್ರಶ್ನೆಯೇ. ವಿಚಾರಿಸಿ ನೋಡಿ" ಎಂದು ಮೇಡಂ ಕುಳಿತರು.

ಹೊರಗೆ ಬಂದು ಟ್ರಾಮಿಗೆ ಕಾಯುವಾಗ, "ಮಂದಿ ಸಂಶಯ ಪಟ್ರ ಹಿಂಗ ಆಗ್ತದೇನು?" ಎಂದರು. ನನ್ನ ಕಡೆ ತಿರುಗಿ, "ಅವತ್ತು ಆ ಕಾರಿನಾಗ ಯಾಕ ಬಂದಿದ್ದಿ?"

"ಮಳೆ ಮೇಡಂ. ಬಸ್ಸು ಇರ್ಲಿಲ್ಲ."

"ಅಷ್ಟೇನ?"

"ಅಷ್ಟೇ."

"ಅವತ್ತೇ ಕೇಳಬೇಕಿತ್ತು ನಾ" ಎಂದು ನನ್ನ ಕೈಯ ಚೀಲವನ್ನು ತಾವೇ ತೆಗೆದುಕೊಂಡರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯ ಪಟ್ಟಿ ಕಟ್ಟಿದ್ದರು, ಇನ್ನೊಂದು ಮೊದಲೇ ಮಂಜು. ಪೇಪರ್ ಓದು ಎಂದರು. ಓದಿದೆ: ರೈಲೂ ಇಲ್ಲ, ಬಸ್ಸಿನ ದಾರಿಯೂ ಇಲ್ಲ, ಎರಡೂ ಯೋಜನೆಗಳನ್ನು ಕೈಬಿಟ್ಟು, ಕಾರುಗಳಿಗೆ ಮೇಲ್ಸೇತುವೆ ಕಟ್ಟುವ ಯೋಚನೆ ನಡೆದಿದೆಯಂತೆ.

ಮೇಡಂ, "ಸುಳ್ಳು ಓದಿದಿ, ಹೌದಿಲ್ಲೋ?" ಎಂದರು.

"ಇಲ್ಲ ಮೇಡಂ."

"ಸುಳ್ಳು ಓದಿದ್ರ ಛಲೋ ಇತ್ತು" ಎಂದು ಕೈ ಚಾಚಿದರು. ಪೇಪರನ್ನು ತಡವರಿಸಿ ಇಸಿದುಕೊಂಡು, ಮಡಚಿ ದಿಂಬಿನ ಕೆಳಗೆ ಇಟ್ಟರು. "ಇರ್ಲಿ. ಪಟ್ಟಿ ಬಿಚ್ಚಿದ ಮ್ಯಾಲೆ ನಾನ ನೋಡ್ತೀನಿ."

ಆ ವಾರವೇ ಅವರ ತಂಗಿ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ ಎಂದು ಆಮೇಲೆ ತಿಳಿಯಿತು.