ಅಲೆ ಸೋರದ ಬಾಗಿಲು

ಬೆಳಗಿನ ಆರು ಗಂಟೆ. ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಹೊತ್ತಿವೆ. ಆಳೆತ್ತರದ ಉಕ್ಕಿನ ಬೀರುವೊಂದು ಬಾಗಿಲು ತೆರೆದುಕೊಂಡು ನಿಂತಿದೆ. ಅದರ ಮುಂದೆ ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸು ಎಡಗೈಗೆ ಮಾತ್ರ ಬಿಳಿ ಕೈಗವಸು ಹಾಕಿಕೊಂಡು, ಬಲಗೈಯ ಉಗುರಿನ ತುದಿಯಿಂದ ಬಾಗಿಲ ಅಂಚನ್ನು ಮೇಲಿಂದ ಕೆಳಗೆ ನಿಧಾನಕ್ಕೆ ಸವರುತ್ತಿದ್ದಾರೆ. ಒಂದು ಕಡೆ ಉಗುರು ತಡೆಯುತ್ತದೆ. ಕಣ್ಣಿಗೆ ಏನೂ ಕಾಣದು. ಅವರು ಮರಳುಕಾಗದದ ಚೂರಿನಿಂದ ಅಲ್ಲಿ ಎರಡು ಸಲ ಉಜ್ಜಿ, ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ, ಮತ್ತೆ ಸವರಿ ತಲೆಯಾಡಿಸುತ್ತಾರೆ. "ಹ್ಞಾಂ, ಈಗ ದಾರಿಗೆ ಬಂತು."

ಕಾರ್ಖಾನೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸಂದಿಯಕ್ಕ ಎಂದೇ. ವಯಸ್ಸು ಐವತ್ನಾಲ್ಕು. ಹನ್ನೊಂದು ವರ್ಷದಿಂದ ಇವರದು ಒಂದೇ ಕೆಲಸ: ಎಲೆಕ್ಟ್ರಾನಿಕ್ ಯಂತ್ರಗಳನ್ನು ಇಡುವ ಬೀರುಗಳ ಸಂದುಗೊಂದುಗಳನ್ನು ಮುಚ್ಚುವುದು. ಧೂಳು, ನೀರು ನುಗ್ಗದಂತೆ ಮುಚ್ಚುವವರು ಬೇರೆ ಇದ್ದಾರೆ. ಸಂದಿಯಕ್ಕ ಮುಚ್ಚುವುದು ಕಣ್ಣಿಗೆ ಕಾಣದ ವಿದ್ಯುತ್ಕಾಂತ ಅಲೆ ಹೊರಗೆ ಸೋರದಂತೆ. ಲೋಹದ ಗೋಡೆ ಅಲೆಯನ್ನು ಒಳಗೇ ತಡೆದಿಡುತ್ತದೆ. ಆದರೆ ಬಾಗಿಲ ಅಂಚು, ಗಾಳಿಕಿಂಡಿ, ತಂತಿ ಹೊರಬರುವ ತೂತು, ಇಲ್ಲೆಲ್ಲ ಅದು ನುಸುಳಿಬಿಡುತ್ತದೆ. ನುಸುಳಿದ ಅಲೆ ಪಕ್ಕದ ಇನ್ನೊಂದು ಯಂತ್ರದ ಲೆಕ್ಕ ತಪ್ಪಿಸಬಹುದು.

ಮನೆಯವರಿಗೆ ಇದನ್ನು ಅರ್ಥ ಮಾಡಿಸುವ ಹೊತ್ತಿಗೆ ಅವರಿಗೆ ಸಾಕುಬೇಕಾಗಿತ್ತಂತೆ. ಕೊನೆಗೆ ನೆರವಿಗೆ ಬಂದದ್ದು ಅತ್ತೆಯ ಕಿವಿಯ ಯಂತ್ರ. "ಅತ್ತೆ ಕಿವಿ ಹತ್ರ ಮೊಬೈಲ್ ಹಿಡಿದೆ. ಗುರ್ ಅಂತು. 'ಏನೇ ಅದು, ಜೀರುಂಡೆ ಬಿಟ್ಯಾ?' ಅಂದ್ರು. 'ಜೀರುಂಡೆ ಅಲ್ಲ ಅತ್ತೆ, ಈ ಫೋನಿಂದ ಹೊರಟಿದ್ದು ನಿಮ್ಮ ಕಿವೀಲಿ ಕೂತ್ಕೊಳ್ತು. ಹೀಗಾಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ' ಅಂದೆ." ಎಂಬತ್ತು ದಾಟಿದ ಆ ಅತ್ತೆ ಅಂದಿನಿಂದ ಅಕ್ಕಪಕ್ಕದವರಿಗೆ ಹೇಳುವ ಮಾತೇ ಬೇರೆ: "ನಮ್ಮ ಸೊಸೆ ಪೆಟ್ಟಿಗೆಗಳ ಬಾಯಿ ಮುಚ್ಚಿಸ್ತಾಳೆ. ಮನೇಲಿ ನನ್ನ ಬಾಯಿ ಮುಚ್ಚಿಸೋಕೆ ಮಾತ್ರ ಅವಳ ಕೈಲಿ ಆಗಿಲ್ಲ."

ಸಂದಿಯಕ್ಕ ಓದಿದ್ದು ಎಂಟನೇ ತರಗತಿ. ಹದಿನೇಳು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಸೊಂಟಪಟ್ಟಿಗೆ ಎಲಾಸ್ಟಿಕ್ ಹೊಲಿದವರು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಆಮೇಲೆ ಒಂದೂವರೆ ವರ್ಷ ಮನೆಯಲ್ಲೇ ಹರಿದ ಜಿಪ್ಪು, ಉದ್ದದ ಪರದೆ ಎಂದು ಸಿಕ್ಕಿದ್ದನ್ನೆಲ್ಲ ಹೊಲಿದರು. ಗಂಡ ಶಾಲೆಯ ವ್ಯಾನು ಓಡಿಸುತ್ತಾರೆ. ರಜೆ ಬಂದರೆ ವ್ಯಾನಿಗೂ ರಜೆ. ಹೊಟ್ಟೆಬಟ್ಟೆ ಕಟ್ಟಿ ದಿನ ದೂಡುತ್ತಿದ್ದಾಗ, ಬೀರು ಕಾರ್ಖಾನೆಗೆ ಬೆರಳು ಚುರುಕಾಗಿರುವ ಹೆಂಗಸರು ಬೇಕು ಎಂಬ ಸುದ್ದಿ ಕಿವಿಗೆ ಬಿತ್ತು. ಆಗಿನ ಮೇಸ್ತ್ರಿ ಕೇಳಿದರಂತೆ: "ಕರೆಂಟ್ ಬಗ್ಗೆ ನಿಮಗೇನು ಗೊತ್ತು?" ಸಂದಿಯಕ್ಕ ಹೇಳಿದರು: "ಮುಟ್ಟಬಾರದು ಅಂತ ಗೊತ್ತು." ಮೇಸ್ತ್ರಿ ನಕ್ಕು, ನಾಳೆಯಿಂದಲೇ ಬನ್ನಿ ಎಂದರು.

ಹಳೆಯ ಹೊಲಿಗೆ ಇಲ್ಲಿ ಕೈಬಿಡಲಿಲ್ಲ. ಬಾಗಿಲ ಅಂಚಿಗೆ ಅಂಟಿಸುವ ಪಟ್ಟಿಯ ಒಳಗೆ ಸ್ಪಂಜು, ಮೇಲೆ ಲೋಹದ ಎಳೆ ನೇಯ್ದ ಬೆಳ್ಳಿಬಣ್ಣದ ಬಟ್ಟೆ. ಬಾಗಿಲು ಹಾಕಿದಾಗ ಅದು ಅಮುಕಿಕೊಂಡು ಬಾಗಿಲನ್ನೂ ಚೌಕಟ್ಟನ್ನೂ ಒಂದೇ ಲೋಹದ ಹಾಗೆ ಬೆಸೆಯಬೇಕು. ಹೊಸಬರು ಅದನ್ನು ಎಳೆದೆಳೆದು ಅಂಟಿಸುತ್ತಾರೆ. "ಎಳೆದು ಅಂಟಿಸಿದ್ರೆ ಆಮೇಲೆ ಮೆಲ್ಲಗೆ ಕುಗ್ಗಿ ಮೂಲೇಲಿ ಬಾಯಿ ಬಿಡುತ್ತೆ. ಎಲಾಸ್ಟಿಕ್ ಬುದ್ಧಿನೇ ಹಾಗೆ. ಅದನ್ನ ಮಲಗಿಸ್ಬೇಕು, ಎಳೀಬಾರ್ದು," ಎನ್ನುತ್ತಾ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಕೆಲವು ಬೀರುಗಳಿಗೆ ತಾಮ್ರದ ಬೆರಳುಪಟ್ಟಿ ಹಾಕಬೇಕು. ಸಾಲಾಗಿ ಜೋಡಿಸಿದ ಸ್ಪ್ರಿಂಗಿನ ಎಸಳುಗಳು ಬ್ಲೇಡಿನಷ್ಟೇ ಚೂಪು. ಬಲಗೈಯ ಬೆರಳುಗಳ ತುಂಬ ಅದರ ಗೀರುಗಳಿವೆ. ಸ್ಪರ್ಶ ಗೊತ್ತಾಗುವುದಿಲ್ಲವೆಂದು ಆ ಕೈಗೆ ಅವರು ಗವಸು ಹಾಕುವುದಿಲ್ಲ. ತಗಡಿನ ಮಾಡು ಕಾದರೆ ಕೈ ಬೆವರುತ್ತದೆ, ಬೆವರು ತಾಗಿದ ಲೋಹ ಕ್ರಮೇಣ ಮಂಕಾಗುತ್ತದೆ. ಅದಕ್ಕೇ ಬರಿಲೋಹದ ಕೆಲಸವನ್ನೆಲ್ಲ ಬಿಸಿಲೇರುವ ಮೊದಲೇ ಮುಗಿಸುತ್ತಾರೆ.

ದಿನಕ್ಕೆ ಆರು ಬೀರು. ಒಂದೊಂದಕ್ಕೆ ಎರಡು ಬಾಗಿಲು, ಸುಮಾರು ಹತ್ತೂವರೆ ಮೀಟರ್ ಪಟ್ಟಿ. ಈ ಲೆಕ್ಕ ಹಿಡಿದು ಗಂಡ ಒಂದು ಭಾನುವಾರ ಹನ್ನೊಂದು ವರ್ಷದ್ದನ್ನೆಲ್ಲ ಕೂಡಿಸಿದರಂತೆ. ಇನ್ನೂರು ಕಿಲೋಮೀಟರ್ ಆಯಿತು. "ಅಷ್ಟು ದೂರ ನಾನು ಗಾಡೀಲಿ ಹೋದ್ರೆ ಸೊಂಟ ಹಿಡ್ಕೊಳ್ಳುತ್ತೆ. ಇವಳು ಬೆರಳಲ್ಲೇ ಹೋಗಿದ್ದಾಳೆ," ಎನ್ನುವಾಗ ಅವರ ಮುಖದಲ್ಲಿ ಮೆಚ್ಚುಗೆಗಿಂತ ಬೆರಗೇ ಹೆಚ್ಚು.

ಹೀಗೆ ತಣ್ಣಗೆ ಸಾಗುತ್ತಿದ್ದ ಕೆಲಸಕ್ಕೆ ಮೂರು ವರ್ಷದ ಹಿಂದೆ ಒಂದು ಕಲ್ಲು ಬಿತ್ತು. ಆಸ್ಪತ್ರೆಯೊಂದರ ತುರ್ತು ವಾರ್ಡಿಗೆ ಹೋಗಬೇಕಿದ್ದ ಬೀರು ಅದು. ರೋಗಿಗಳ ಎದೆಬಡಿತ ದಾಖಲಿಸುವ ಯಂತ್ರಗಳ ಪಕ್ಕದಲ್ಲೇ ನಿಲ್ಲುವಂಥದು, ಸೋರಿಕೆ ಒಂದಿಷ್ಟೂ ಸಲ್ಲದು. ಪರೀಕ್ಷೆಯಲ್ಲಿ ಒಮ್ಮೆ ಸೋತಿತು, ಎರಡನೇ ಸಲವೂ ಸೋತಿತು. ಹೊಸದಾಗಿ ಬಂದಿದ್ದ ಇಂಜಿನಿಯರ್ ಇನ್ನೂ ದಪ್ಪನೆಯ ಪಟ್ಟಿ ಹಾಕಿಸಿದರು. ಬಾಗಿಲು ಹಾಕಲಾಗದೆ ಬಿಲ್ಲಿನಂತೆ ಬಾಗಿ, ಸೋರಿಕೆ ಮತ್ತಷ್ಟು ಜೋರಾಯಿತು. ಮರುದಿನ ಸಂದಿಯಕ್ಕನ ಕೈಗೆ ಇಂಜಿನಿಯರ್ ಸಹಿ ಹಾಕಿದ ಒಂದು ಕಾಗದ ಬಂತು: ಕೆಲಸದಲ್ಲಿ ನಿರ್ಲಕ್ಷ್ಯ, ಮೂರು ದಿನದಲ್ಲಿ ಉತ್ತರ ಕೊಡತಕ್ಕದ್ದು.

"ಅಡುಗೆಮನೇಲಿ ನಿಂತ್ಕೊಂಡು ಅದನ್ನ ನಾಲ್ಕು ಸಲ ಓದ್ದೆ. ನಿರ್ಲಕ್ಷ್ಯ ಅನ್ನೋ ಪದಾನ ಬೆರಳಿಟ್ಟು ಮತ್ತೆ ಓದ್ದೆ. ಬೈದಿದ್ರೆ ಬೈಸ್ಕೋತಿದ್ದೆ. ನಾನು ಗಮನ ಕೊಡಲ್ಲ ಅಂದ್ರಲ್ಲ!" ಗಂಡ ಉತ್ತರ ಬರೆದುಕೊಡಲು ಪೆನ್ನು ಹಿಡಿದು ಕೂತರೆ ಬೇಡವೆಂದರು. ಬೆಳಗಾದ ಮೇಲೆ ನೇರ ಇಂಜಿನಿಯರ್ ಬಳಿಗೆ ಹೋಗಿ ಒಂದೇ ಮಾತು ಕೇಳಿದರು: "ಉತ್ತರ ಆಮೇಲೆ ಕೊಡ್ತೀನಿ ಸಾರ್. ಮೊದಲು ಆ ಬೀರು ಹತ್ರ ನನ್ನನ್ನ ಬಿಡಿ."

ಪರೀಕ್ಷೆಯ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ತುಂಬ ಮುಳ್ಳಿನಂತೆ ಎದ್ದು ನಿಂತ, ಅಲೆ ಹೀರಿಕೊಳ್ಳುವ ಕಪ್ಪು ಸ್ಪಂಜು. ಬಾಗಿಲು ಹಾಕಿದರೆ ಫೋನಿನ ಸಿಗ್ನಲ್ ಪೂರ್ತಿ ಮಾಯ. ಹಳೆಯ ಅಳತೆಯ ಪಟ್ಟಿಯನ್ನೇ ಹಾಕಿ, ಬಾಗಿಲು ನೇರಮಾಡಿಸಿದ ಬೀರು ನಡುವೆ ನಿಂತಿತ್ತು. ಸಂದಿಯಕ್ಕ ಕಾಗದದ ಒಂದು ಸೀಳನ್ನು ಬಾಗಿಲ ಸಂದಿಗೆ ಕೊಟ್ಟು, ಬಾಗಿಲು ಹಾಕಿ ಎಳೆದು ನೋಡಿದರು. ಬಿಗಿ. ಹೀಗೆ ಸುತ್ತಲೂ ನಲವತ್ತು ಕಡೆ ಎಳೆದರು. ಎಲ್ಲೂ ಸಡಿಲವಿಲ್ಲ. ಪಟ್ಟಿ ಸರಿಯಾಗಿಯೇ ಒತ್ತುತ್ತಿತ್ತು. ಇಂಜಿನಿಯರ್ ಗಡಿಯಾರ ನೋಡಿಕೊಂಡರು.

ಆಗ ಅವರು ಬಾಗಿಲು ತೆರೆದು, ಪಟ್ಟಿ ಬಂದು ತಾಗುವ ಚೌಕಟ್ಟಿನ ಅಂಚಿನ ಮೇಲೆ ಉಗುರು ಓಡಿಸಿದರು. "ಜಾರ್ತಿತ್ತು. ಬರಿಲೋಹ ಹಾಗೆ ಜಾರಲ್ಲ, ಉಗುರನ್ನ ಸ್ವಲ್ಪ ಕಚ್ಚುತ್ತೆ." ಕರೆಂಟ್ ಹರಿಯುತ್ತದೆಯೇ ಎಂದು ನೋಡುವ ಮೀಟರ್ ಕೇಳಿ ಪಡೆದು, ಅದರ ಎರಡೂ ಮೊನೆಗಳನ್ನು ಆ ಅಂಚಿನ ಮೇಲೆ ಗೇಣು ದೂರದಲ್ಲಿ ಇಟ್ಟರು. ಲೋಹವಾದರೆ ಮೀಟರ್ ಕೀ ಅನ್ನಬೇಕು. ಅನ್ನಲಿಲ್ಲ. ಬ್ಲೇಡಿನಿಂದ ಕೆರೆದು ಮತ್ತೆ ಇಟ್ಟರು. ಕೀ ಎಂದಿತು. ಕೆರೆದ ಜಾಗದಿಂದ ಕೂದಲಿನಷ್ಟು ತೆಳ್ಳಗಿನ, ಬಣ್ಣವಿಲ್ಲದ ಸುರುಳಿಯೊಂದು ಬ್ಲೇಡಿನ ಮೇಲೆ ಎದ್ದು ಬಂದಿತ್ತು.

ವಿಚಾರಿಸಿದಾಗ ತಿಳಿಯಿತು. ತುಕ್ಕು ಹಿಡಿಯಬಾರದೆಂದು ಬಣ್ಣದ ವಿಭಾಗದವರು ಆ ತಿಂಗಳಿನಿಂದ ಪಾರದರ್ಶಕ ವಾರ್ನಿಷ್ ಬಳಿಯಲು ಶುರು ಮಾಡಿದ್ದರು, ಚೌಕಟ್ಟಿನ ಅಂಚನ್ನೂ ಬಿಡದೆ. ಪಟ್ಟಿ ಒತ್ತುತ್ತಿತ್ತು ನಿಜ, ಆದರೆ ಲೋಹಕ್ಕೆ ಲೋಹ ತಾಗುತ್ತಿರಲಿಲ್ಲ. ನಡುವೆ ಆ ಕಾಣದ ಪೊರೆ. ಅಲೆಯ ಲೆಕ್ಕದಲ್ಲಿ ಅದು ಬಾಗಿಲುದ್ದದ ಸಂದಿಯೇ. ಸಂದಿಯಕ್ಕ ಮಧ್ಯಾಹ್ನದವರೆಗೆ ಕೂತು ಅಂಚನ್ನೆಲ್ಲ ಕೆರೆದು, ಒರೆಸಿ, ಹೊಸ ಪಟ್ಟಿ ಮಲಗಿಸಿದರು. ನಾಲ್ಕು ಗಂಟೆಗೆ ನಡೆದ ಪರೀಕ್ಷೆಯಲ್ಲಿ ಬೀರು ಪಾಸಾಯಿತು. ಇಂಜಿನಿಯರ್ ಹೊರಗೆ ಬಂದು, ಟೀ ಕುಡಿಯುತ್ತಿದ್ದ ಹತ್ತು ಜನರ ಎದುರಿಗೇ, "ತಪ್ಪು ನಂದು ಅಕ್ಕ, ಕಾಗದ ವಾಪಸ್ ಕೊಡಿ," ಎಂದರು. ಅಕ್ಕ ಕೊಡಲಿಲ್ಲ. "ಇದರ ಹಿಂಬದೀಲೇ ಬರ್ಕೊಡಿ ಸಾರ್, ಅಂದೆ. ಬರ್ಕೊಟ್ರು." ಆ ಕಾಗದ ಇವತ್ತಿಗೂ ಮನೆಯ ಟ್ರಂಕಿನಲ್ಲಿದೆ. ಒಂದು ಬದಿಗೆ ನಿರ್ಲಕ್ಷ್ಯ, ಮಗುಚಿದರೆ ಕ್ಷಮೆ.

ಈಗ ಪ್ರತಿ ನಕ್ಷೆಯಲ್ಲೂ ಬಣ್ಣ ತಾಗಬಾರದ ಅಂಚಿಗೆ ಕೆಂಪು ಗೆರೆ ಎಳೆಯುತ್ತಾರೆ. ಹೊಸ ಮಾದರಿ ಬಂದರೆ ಇಂಜಿನಿಯರ್ ಮೊದಲು ಬರುವುದು ಮೂರನೇ ಶೆಡ್ಡಿಗೆ. ಕಳೆದ ವಾರ ತಂದ ಮಾದರಿಗೆ ಗಾಳಿಗೆಂದು ಒಂದು ಉದ್ದನೆಯ ಸೀಳು ಬಿಟ್ಟಿದ್ದರು. ಸಂದಿಯಕ್ಕ ಬೆರಳಿಟ್ಟು ಹೇಳಿದರು: "ಸಣ್ಣದು ಅಂತ ಮೋಸ ಹೋಗ್ಬೇಡಿ ಸಾರ್, ಉದ್ದ ನೋಡಿ. ಇದರ ಬದಲು ನೂರು ಸಣ್ಣ ತೂತು ಕೊರೀರಿ. ಗಾಳಿ ಆಡುತ್ತೆ, ಅಲೆ ಆಡಲ್ಲ." ಇಂಜಿನಿಯರ್ ಬರೆದುಕೊಂಡು ಹೋದರು.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಗೇಟಿನ ಹೊರಗೆ ಗಂಡನ ವ್ಯಾನು ಕಾಯುತ್ತಿರುತ್ತದೆ. ಶಾಲೆ ಬಿಡಲು ಇನ್ನೂ ಹೊತ್ತಿರುವುದರಿಂದ ಅಷ್ಟೂ ಸೀಟು ಇವರಿಗೊಬ್ಬರಿಗೇ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಏನಾದರೂ ಆಸೆ ಇದೆಯೇ ಎಂದರೆ ಸಂದಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತುಸು ನಾಚುತ್ತಾರೆ.

"ಇಷ್ಟು ವರ್ಷದಲ್ಲಿ ನಾನು ಮುಚ್ಚಿದ್ದು ಒಂದಾದ್ರೂ ಎಲ್ಲಿ ನಿಂತಿದೆ ಅಂತ ನೋಡಿಲ್ಲ. ಲಾರಿ ಹತ್ತಿಸಿದ ಮೇಲೆ ಮುಗೀತು. ಆ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗ್ತೀನಿ ಅಂತ ಇಂಜಿನಿಯರ್ ಸಾರ್ ಹೇಳಿದಾರೆ. ಹೋದ್ರೆ ಏನೂ ಮುಟ್ಟಲ್ಲಪ್ಪ, ದೂರದಲ್ಲೇ ನಿಂತ್ಕೋತೀನಿ. ಅಲ್ಲಿಯವರು ಬಾಗಿಲು ಸರಿಯಾಗಿ ಹಾಕ್ತಿದಾರಾ ಇಲ್ವಾ, ಅದೊಂದನ್ನ ನೋಡ್ಕೊಂಡು ಬಂದ್ಬಿಡ್ತೀನಿ."