ಹಾರುವವರಿಗೂ ನೆರಳು

ಆ ಶನಿವಾರ ನಮ್ಮ ಮನೆಯವರ ಬಲಗೈ ಕಿರುಬೆರಳಿನ ಹೊರಬದಿ ಮಣಿಕಟ್ಟಿನವರೆಗೂ ಬೂದು ಬಣ್ಣವಾಗಿತ್ತು. ಚಿತ್ರ ಬರೆಯುವಾಗ ಕೈಯ ಆ ಬದಿಯನ್ನು ಕಾಗದದ ಮೇಲೆ ಊರುವುದು ಅವರ ಅಭ್ಯಾಸ. ಹಾಗಾಗಿ ಯಾವ ಕೆಲಸ ಎಲ್ಲಿಗೆ ಬಂದಿದೆ ಎಂದು ನನಗೆ ಅವರ ಕೈ ನೋಡಿದರೇ ತಿಳಿಯುತ್ತಿತ್ತು. ಕೆಂಪಗಿದ್ದರೆ ಹೀರೋವಿನ ಹೆಗಲ ಮೇಲಿನ ಹೊದಿಕೆ, ನೀಲಿಯಾಗಿದ್ದರೆ ಆಕಾಶ. ಬೂದು ಎಂದರೆ ಕಾರು ನಿಲ್ಲಿಸುವ ಜಾಗದ ಸಿಮೆಂಟು ನೆಲ. ಆಕಾಶ, ಕಟ್ಟಡ, ಮನುಷ್ಯರು ಎಲ್ಲ ಮುಗಿದು ಕೆಲಸ ನೆಲಕ್ಕೆ ಬಂದಿತ್ತು.

ಕೊನೆಯ ತಿದ್ದುಪಡಿಗೆಂದು ನಾನು ಊಟದ ಮೇಜಿನ ಪಕ್ಕದ ಬೆಂಚಿನ ಮೇಲೆ ಬೋರಲು ಮಲಗಿದ್ದೆ. ಹೊಟ್ಟೆಯ ಕೆಳಗೆ ತಲೆದಿಂಬು, ಕೈಗಳು ಮುಂದಕ್ಕೆ ಚಾಚಿ, ಕಾಲುಗಳು ಗಾಳಿಯಲ್ಲಿ. ಬೆನ್ನ ಮೇಲೆ ಪರದೆಯ ದಪ್ಪ ಬಟ್ಟೆಯಲ್ಲಿ ಹೊಲಿಸಿದ ಕೆಂಪು ಹೊದಿಕೆ. ಮಲೇಶಿಯಾದ ಪುಚೊಂಗಿನ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಶನಿವಾರವೆಂದರೆ ಹೀಗೆಯೇ.

"ಏನ್ರೀ, ಇನ್ನೂ ಎಷ್ಟೊತ್ತು? ಒಲಿ ಮ್ಯಾಲೆ ಕುಕ್ಕರ್ ಇಟ್ಟೀನಿ."

"ಸೀಟಿ ಹೊಡೀಲಿ ಬಿಡು. ಸೂಪರ್‌ಹೀರೋ ಮನ್ಯಾಗ ಕುಕ್ಕರ್ ಸೀಟಿ ಹೊಡೆಯಂಗಿಲ್ಲೇನು?"

"ಸೊಂಟ ಹಿಡ್ಕೊಂಡೈತ್ರಿ."

"ಅದ ಬೇಕಾಗೇತಿ ನನಗ. ಈ ವಯಸ್ಸಿನಾಕಿ ಹಾರಿದ್ರ ಸೊಂಟ ಹಿಡ್ಕೊಂಡ ಹಾರ್ತಾಳ. ಹಂಗ ಇರು."

ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ಅವರು ಬಾಲ್ಕನಿಗೆ ಹೋಗಿ ಆಕಾಶ ನೋಡಿ ಬಂದು ಕುಂಚಗಳನ್ನು ತೊಳೆದಿಟ್ಟರು. "ನೆಳ್ಳು ಒಂದ ಉಳೀತು. ನಾಳೆ ಬಿಸಿಲು ಬಿದ್ರ ಮುಗಸ್ತೀನಿ," ಎಂದರು. ಆಮೇಲೆ ಮೂವರೂ ಕೂತು ಅನ್ನ ಸಾರು ಉಂಡೆವು. ಮಾವಿನ ಉಪ್ಪಿನಕಾಯಿ ಮುಗಿದಿದೆ ಎಂದು ಮಗಳು ಮುಖ ಸಪ್ಪಗೆ ಮಾಡಿದಳು. ಅಷ್ಟೇ. ಆ ದಿನದಲ್ಲಿ ಬೇರೇನೂ ಇರಲಿಲ್ಲ.

ನಮ್ಮ ಮನೆಯವರು ಸೈಬರ್‌ಜಯಾದ ಒಂದು ಕಂಪನಿಯಲ್ಲಿ ಮೊಬೈಲ್ ಆ್ಯಪುಗಳಿಗೆ ಗುಂಡಿ, ಗುರುತುಗಳನ್ನು ಬರೆಯುವ ಕೆಲಸದಲ್ಲಿದ್ದರು. ವಾರವಿಡೀ ಉಗುರಿನಗಲದ ಚಿತ್ರಗಳು. ರಜೆಯ ದಿನಗಳಲ್ಲಿ ಮಾತ್ರ ಕುಂಚ ಹಿಡಿದು ಕ್ವಾಲಾಲಂಪುರದ ಒಂದು ಸಣ್ಣ ಪ್ರಕಾಶನದ ಕಾಮಿಕ್ಸ್ ಪುಸ್ತಕಗಳಿಗೆ ಮುಖಪುಟ ಬರೆಯುತ್ತಿದ್ದರು. ಹುಬ್ಬಳ್ಳಿಯಲ್ಲಿ ಓದುವಾಗ ಸಿನೆಮಾ ಬ್ಯಾನರ್ ಬರೆಯುವವರ ಹತ್ತಿರ ಕೈ ಪಳಗಿಸಿಕೊಂಡಿದ್ದರು. ಆ ಕೆಲಸ ಅಲ್ಲಿ ನಿಂತುಹೋದ ಮೇಲೆ ಇಲ್ಲಿ ಬೇರೆ ರೂಪದಲ್ಲಿ ಸಿಕ್ಕಿತ್ತು.

ಕಾಮಿಕ್ಸಿನ ಒಳಪುಟಗಳಲ್ಲಿ ಹೀರೋಗಳನ್ನು ಕಪ್ಪು ಗೆರೆಯಲ್ಲಿ ಬರೆದು ಬಣ್ಣ ತುಂಬುತ್ತಾರೆ. ಇವರ ಮುಖಪುಟದಲ್ಲಿ ಗೆರೆಯೇ ಇರುತ್ತಿರಲಿಲ್ಲ. ಬೆಳಕು ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ, ಅಷ್ಟರಲ್ಲೇ ಮನುಷ್ಯ ಎದ್ದು ನಿಲ್ಲುತ್ತಿದ್ದ. ಮೊಣಕಾಲಿನ ಹತ್ತಿರ ಅವನ ಬಟ್ಟೆ ಜೋಲು ಬಿದ್ದಿರುತ್ತಿತ್ತು, ಕಂಕುಳಲ್ಲಿ ಬೆವರಿನ ಕಲೆ ಇರುತ್ತಿತ್ತು. ಬೆಲ್ಟಿನ ಮೇಲೆ ಹೊಟ್ಟೆ ಒಂದು ಮಡಿಕೆ ಹೊರಬಂದಿರುತ್ತಿತ್ತು. ನೋಡಿದವರು "ಇದು ಫೋಟೋನಾ?" ಎಂದು ಕೇಳುತ್ತಿದ್ದರು. ಆ ಹೊಗಳಿಕೆ ಅವರಿಗೆ ಹಿಡಿಸುತ್ತಿರಲಿಲ್ಲ. "ಫೋಟೋದಾಗ ಹಾರೋರು ಎಲ್ಲಿರ್ತಾರ? ಹಾರೋರನ್ನ ಕಣ್ಣಾರೆ ನೋಡಿದ್ನಿ ಅನ್ನಸ್ಬೇಕು," ಎನ್ನುತ್ತಿದ್ದರು. ಇನ್ನೊಂದು ಮಾತು ಮನೆಯಲ್ಲಿ ನಮಗೆಲ್ಲ ಬಾಯಿಪಾಠವಾಗಿತ್ತು: "ಶಕ್ತಿ ಐತಿ ಅಂತ ನಂಬಸ್ಬೇಕಂದ್ರ ಮೊದ್ಲ ಭಾರ ಐತಿ ಅಂತ ನಂಬಸ್ಬೇಕು."

ಅದಕ್ಕಾಗಿ ಅವರು ಎದುರಿಗೆ ಮನುಷ್ಯರಿಲ್ಲದೆ ಒಂದು ಬೆರಳನ್ನೂ ಬರೆಯುತ್ತಿರಲಿಲ್ಲ. ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ಬೀಸುವವನ ಮುಂಗೈಗಳು ಒಬ್ಬ ಹೀರೋವಿಗೆ ಹೋದವು. ಕಾವಲುಗಾರನ ದವಡೆ ಇನ್ನೊಬ್ಬನಿಗೆ. ಮೈ ಮಾತ್ರ ಯಾವಾಗಲೂ ನನ್ನದೇ. ಕೋಟಿನ ಒಳಗೆ ಸ್ಪಂಜು ತುರುಕಿ ದೀಪದ ಕೆಳಗೆ ನಿಲ್ಲಿಸಿದರೆ ಗಂಡಸಿನ ಭುಜವೂ ನನ್ನದೇ ಆಗುತ್ತಿತ್ತು. ಮಗಳು ಕನ್ನಡ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಅವಳು ನಗಾಡುತ್ತಿದ್ದಳು: "ಅಮ್ಮ, ಯು ಆರ್ ಎವ್ರಿ ಹೀರೋ ಲಾ. ಈವನ್ ದಿ ಒನ್ ವಿತ್ ದ ಬಿಯರ್ಡ್."

ಇಷ್ಟೆಲ್ಲ ಮುಗಿದ ಮೇಲೆ ಕೊನೆಗೆ ನೆರಳು. ಅದನ್ನು ಅವರು ಮೊದಲು ಬರೆದದ್ದೇ ಇಲ್ಲ. ಗಾಳಿಯಲ್ಲಿರುವ ಮನುಷ್ಯನ ಕೆಳಗೆ ನೆಲದ ಮೇಲೆ ನೆರಳಿಲ್ಲದಿದ್ದರೆ ಅವನು ಕಾಗದಕ್ಕೆ ಅಂಟಿಸಿದ ಹಾಗೆ ಕಾಣುತ್ತಾನೆ, ಹಾರಿದ ಹಾಗೆ ಕಾಣುವುದಿಲ್ಲ ಎನ್ನುತ್ತಿದ್ದರು. ಹೊರದೇಶದ ಕಾಮಿಕ್ಸುಗಳಲ್ಲಿ ನೆರಳು ಉದ್ದಕ್ಕೆ ಚಾಚಿರುತ್ತದೆ. ಇಲ್ಲಿ ವರ್ಷವಿಡೀ ಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ನಮ್ಮೂರಿನ ಹೀರೋವಿನ ನೆರಳು ಅವನ ಹೊಟ್ಟೆಯ ಕೆಳಗೇ ಬೀಳಬೇಕು. ಎಷ್ಟು ಎತ್ತರ ಎಂದು ಹೇಳುವುದು ನೆರಳಿನ ಅಂಚು. ನೆಲದ ಹತ್ತಿರವಿದ್ದರೆ ಅಂಚು ಕತ್ತರಿಸಿದಷ್ಟು ಸ್ಪಷ್ಟ. ಮೇಲೆ ಹೋದ ಹಾಗೆ ಅಂಚು ಮಾಸುತ್ತದೆ. ತುಂಬ ಮೇಲೆ ಹೋದರೆ ಮನುಷ್ಯನ ನೆರಳು ನೆಲಕ್ಕೆ ಮುಟ್ಟುವುದೇ ಇಲ್ಲ.

ಇದನ್ನು ಅವರು ತಿಳಿದುಕೊಂಡ ರೀತಿಯಿಂದ ಇಡೀ ಕಟ್ಟಡಕ್ಕೆ ಒಂದು ದಿನ ಎದೆ ಹಾರಿತ್ತು. ನನ್ನ ಹಳೆಯ ಚೂಡಿದಾರಕ್ಕೆ ಕಾಗದ ತುಂಬಿ, ತಲೆಯ ಜಾಗಕ್ಕೆ ಮಗಳ ಫುಟ್‌ಬಾಲ್ ಕಟ್ಟಿ, ಮೇಲೆ ಕೆಂಪು ಹೊದಿಕೆ ಹೊದಿಸಿ ಬಟ್ಟೆ ಒಣಗಿಸುವ ಕೋಲಿನಿಂದ ಬಾಲ್ಕನಿಯ ಆಚೆ ಇಳಿಬಿಟ್ಟಿದ್ದರು. ಆಮೇಲೆ ತಾವು ಕೆಳಗಿಳಿದು ಹೋಗಿ ಕಾರುಗಳ ನಡುವೆ ಮೊಣಕಾಲೂರಿ ಆ ಬೊಂಬೆಯ ನೆರಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಎರಡನೆಯ ಮಹಡಿಯಲ್ಲಿ ನಮ್ಮ ಟೈಲರ್ ಅಕ್ಕ ಇದ್ದಾರೆ, ಕನ್ನಡ ಬಲ್ಲ ತಮಿಳರು. ಆ ಹೊದಿಕೆ ಹೊಲಿದುಕೊಟ್ಟವರೇ ಅವರು. ಕಿಟಕಿಯ ಹೊರಗೆ ಅದೇ ಹೊದಿಕೆ, ನನ್ನದೇ ಚೂಡಿದಾರ ತೂಗಾಡುವುದನ್ನು ನೋಡಿ ಅವರು ಕಿರುಚಿದ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಕಾವಲುಗಾರ ಓಡಿಬಂದ. ನಾನು ಕೆಳಗಿಳಿದು ಹೋದಾಗ ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ತಂಬಿ, ನಾನು ಬಿ.ಪಿ. ಪೇಷೆಂಟ್ ಲಾ. ನಾನು ಹೊಲಿದದ್ದು ಹಾಕ್ಕೊಂಡೇ ನಿನ್ ಹೆಂಡ್ತಿ ಹೋಗ್ಬಿಟ್ಲು ಅಂದ್ಕೊಂಡೆ."

"ತಪ್ಪಾತು ಅಕ್ಕಾ. ನೆಳ್ಳು ನೋಡಾಕತ್ತಿದ್ನಿ."

"ಎಲ್ಲರೂ ಮೇಲೆ ನೋಡಿ ಕೂಗ್ತಾ ಇದೀವಿ, ನೀನು ಕೆಳಗೆ ನೋಡ್ಕೊಂಡು ಕೂತಿದೀಯಲ್ಲಪ್ಪಾ."

ನಮ್ಮ ಮನೆಯವರಿಗೆ ನಾಚಿಕೆಯಾಗಿತ್ತು. ಆದರೂ ಮೆಟ್ಟಿಲು ಹತ್ತುವಾಗ ನನ್ನ ಕಿವಿಯಲ್ಲಿ, "ಮೂರು ಮಾಳಗಿ ಎತ್ತರಕ್ಕ ಅಂಚು ನಾಕು ಬೆರಳು ಮಾಸತೈತಿ," ಎಂದರು, ಏನೋ ಗೆದ್ದು ಬಂದವರ ಹಾಗೆ. ಸುಣ್ಣದ ಆ ಗೆರೆ ಮಳೆ ಬರುವ ತನಕ ಅಲ್ಲೇ ಇತ್ತು. ಕಾರು ನಿಲ್ಲಿಸಲು ಬಂದವರು ಅದನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದರು. ಅಂದಿನಿಂದ ಅವರು ಮಕ್ಕಳು ಆಡುವ ಜೇಡಿಮಣ್ಣಿನಲ್ಲಿ ಗೇಣುದ್ದದ ಬೊಂಬೆ ಮಾಡಿ, ದಾರ ಕಟ್ಟಿ, ಬಾಲ್ಕನಿಯಲ್ಲಿ ರಟ್ಟಿನ ಮೇಲೆ ತೂಗುಬಿಟ್ಟು ನೆರಳು ನೋಡತೊಡಗಿದರು.

ಕೊನೆಯ ಚಿತ್ರ ವಯಸ್ಸಾದ ಮೇಲೆ ಮತ್ತೆ ಹಾರಬೇಕಾಗಿ ಬಂದ ಒಬ್ಬ ಹೆಂಗಸಿನದು. ಈ ಸಲ ಮುಖವೂ ನಿನ್ನದೇ ಇರಲಿ ಎಂದರು. ನಾನು ಒಪ್ಪಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ದಿನವಿಡೀ ರಕ್ತದ ಸ್ಲೈಡು ನೋಡುವವಳ ಮುಖ ಪುಸ್ತಕದ ಮೇಲೆ ಯಾರಿಗೆ ಬೇಕು ಎಂದೆ.

"ನನಗ ಬೇಕು," ಎಂದರು. "ಬಾ, ಕೂಡು."

ನಾನು ಕೂತೆ. ಕೂದಲಿಗೆ ಬಣ್ಣ ಹಚ್ಚಿಕೊಳ್ಳಲು ಬಿಡಲಿಲ್ಲ. ಕನ್ನಡಕ ತೆಗೆಸಿದರು. ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿದ ಗುರುತನ್ನು ಹಾಗೆಯೇ ಬರೆದರು. ಆ ಹೆಂಗಸು ನಮ್ಮ ಕಟ್ಟಡದ ಮುಂದೆಯೇ ಹಾರುತ್ತಿದ್ದಾಳೆ. ಅವಳ ಮೊಣಕೈಯ ಪಕ್ಕದಲ್ಲಿ ನಮ್ಮ ಬಾಲ್ಕನಿ, ಬಾಲ್ಕನಿಯಲ್ಲಿ ಒಣಹಾಕಿದ ನಮ್ಮ ಬಟ್ಟೆ. ಕೆಳಗೆ ಕಾರುಗಳು, ನಡುವೆ ಬೂದು ನೆಲ.

ಭಾನುವಾರ ಬೆಳಗ್ಗೆ ಬಿಸಿಲು ಬಂತು. "ರೊಟ್ಟಿ ತಪಾವ್ ಮಾಡ್ಕೊಂಡು ಬರ್ತೀನಿ, ನೀ ಒಲಿ ಹಚ್ಚಬ್ಯಾಡ," ಎಂದು ಅವರು ಮಾಮಕ್ ಅಂಗಡಿಗೆ ಹೋದರು. ಕಟ್ಟಿಸಿಕೊಳ್ಳಲು ನಿಂತಲ್ಲೇ ಕುಸಿದು ಬಿದ್ದರಂತೆ. ರೊಟ್ಟಿ ಬೀಸುವವನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿಬಂದು ಬಾಗಿಲು ಬಡಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು. ನಾನು ಹಿಡಿದುಕೊಂಡ ಕೈಯಲ್ಲಿ ಕಿರುಬೆರಳಿನ ಬದಿ ಇನ್ನೂ ಬೂದಾಗಿತ್ತು. ಒಣಗಿದ ಅಕ್ರಿಲಿಕ್ ಬಣ್ಣ ನೀರಿಗೆ ಬೇಗ ಹೋಗುವುದಿಲ್ಲ. ಕೊನೆಯ ಸ್ನಾನ ಮಾಡಿಸುವಾಗಲೂ ಪೂರ್ತಿ ಹೋಗಲಿಲ್ಲ. ಉಜ್ಜಬೇಡಿ ಎಂದು ನಾನೇ ಹೇಳಿದೆ.

ಆಮೇಲಿನ ದಿನಗಳಲ್ಲಿ ಟೈಲರ್ ಅಕ್ಕ ಊಟ ತಂದಿಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಪ್ರಕಾಶನದ ಸಂಪಾದಕಿಯೂ ಬಂದರು. ಒಳ್ಳೆಯ ಹೆಂಗಸು, ಬಾಗಿಲಲ್ಲೇ ಅತ್ತುಬಿಟ್ಟರು. ಚಿತ್ರದ ಮುಂದೆ ತುಂಬ ಹೊತ್ತು ನಿಂತು, "ಇದು ಮುಗಿದಿದೆ ಅಲ್ಲವೇ? ನನಗೇನೂ ಕಡಿಮೆ ಕಾಣುತ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ನೆರಳು ಇಲ್ಲ," ಎಂದೆ.

ಅವರು ಬಗ್ಗಿ ನೋಡಿದರು. ಅದೇನೂ ಕಷ್ಟವಲ್ಲ, ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಹಾಕಿಸುತ್ತೇನೆ ಎಂದು ಚಿತ್ರದ ಪ್ರತಿ ತೆಗೆದುಕೊಂಡು ಹೋದರು. ಕೆಲವು ದಿನಗಳಲ್ಲಿ ಮುಖಪುಟ ನನ್ನ ಫೋನಿಗೆ ಬಂತು. ಕೆಳಗೆ ನಮ್ಮ ಮನೆಯವರ ಹೆಸರು. ಕಾರುಗಳ ನಡುವೆ ಒಂದು ಕಪ್ಪು ನೆರಳು, ಅಂಚು ಬ್ಲೇಡಿನಿಂದ ಕೊಯ್ದ ಹಾಗೆ. ಅಷ್ಟು ಸ್ಪಷ್ಟವಾದ ನೆರಳು ನೆಲಕ್ಕೆ ಮೊಳದಷ್ಟು ಹತ್ತಿರವಿರುವವರಿಗೆ ಬೀಳುತ್ತದೆ. ನನಗೆ ಅಲ್ಲಿ ಕಂಡದ್ದು ಹಾರುವ ಹೆಂಗಸಲ್ಲ, ಇನ್ನೇನು ನೆಲಕ್ಕೆ ಅಪ್ಪಳಿಸುವವಳು. ಅದರ ಕೆಳಗೆ ಅವರ ಹೆಸರು ಅಚ್ಚಾಗುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಆ ನೆರಳು ತೆಗೆಸಿ ಎಂದು ಫೋನ್ ಮಾಡಿದೆ.

ಸಂಪಾದಕಿ ಬೇಸರಪಟ್ಟುಕೊಳ್ಳಲಿಲ್ಲ. "ಇಷ್ಟು ವರ್ಷ ಪಕ್ಕದಲ್ಲಿದ್ದು ನೋಡಿದ್ದೀರಿ. ನೀವೇ ಬರೆಯಿರಿ. ನಾನು ಕಾಯುತ್ತೇನೆ," ಎಂದರು.

ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ರಟ್ಟು ಹಾಸಿ ಅವರ ಜೇಡಿಮಣ್ಣಿನ ಬೊಂಬೆಯನ್ನು ತೂಗುಬಿಟ್ಟೆ. ದಾರ ಸ್ವಲ್ಪ ಇಳಿಸಿದರೆ ಅಂಚು ಗಟ್ಟಿಯಾಗುತ್ತಿತ್ತು, ಏರಿಸಿದರೆ ಮಾಸುತ್ತಿತ್ತು. ನಾಲ್ಕು ಬೆರಳಿನ ಲೆಕ್ಕ ನನಗೂ ಗೊತ್ತಿತ್ತು. ಆದರೆ ಬೊಂಬೆಯ ತಲೆ ಒಂದು ಕೂದಲೆಳೆಯಷ್ಟು ಮೇಲೆದ್ದರೆ ನೆರಳಿನ ತೋಳು ಗಿಡ್ಡವಾಗಿ, ಅವಳು ಮೇಲಕ್ಕೆ ಹೊರಟವಳಾಗುತ್ತಿದ್ದಳು. ತಲೆ ತಗ್ಗಿದರೆ ಇಳಿದು ಬರುವವಳಾಗುತ್ತಿದ್ದಳು. ಅವಳು ಹೊರಟಿದ್ದಾಳೋ ಬರುತ್ತಿದ್ದಾಳೋ ಎಂದು ಅವರು ನನಗೆ ಹೇಳಿರಲಿಲ್ಲ. ಬೆಂಚಿನ ಮೇಲೆ ಮಲಗಿದ್ದವಳು ನಾನೇ, ಆದರೂ ನನಗೆ ಗೊತ್ತಿಲ್ಲ. ದಾರ ಹಿಡಿದ ಕೈ ಸೋತಿತು. ಬಣ್ಣ ಕಲಸಿದ್ದೆ, ಅದು ತಟ್ಟೆಯಲ್ಲೇ ಒಣಗಿತು. ಆಗುವುದಿಲ್ಲ, ಇದ್ದ ಹಾಗೆಯೇ ಅಚ್ಚು ಹಾಕಿ ಎಂದು ಸಂಪಾದಕಿಗೆ ಹೇಳಿದೆ.

ಪುಸ್ತಕ ಬಂದ ದಿನ ಮಗಳು ಅದನ್ನು ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂತಳು. ಅಪ್ಪ ಹೋದ ಮೇಲೆ ಅವಳು ನನ್ನೊಡನೆ ಕಷ್ಟಪಟ್ಟು ಕನ್ನಡದಲ್ಲಿ ಮಾತಾಡುತ್ತಾಳೆ.

"ಅಮ್ಮ, ಮೇ ಬಿ ಅಪ್ಪ ಬೇಕು ಅಂತನೇ ಬಿಟ್ಟಿದ್ದು. ತುಂಬಾ ಮೇಲೆ ಹೋದ್ರೆ ಶಾಡೋ ಇರಲ್ಲ, ಅವರೇ ಹೇಳ್ತಿದ್ರಲ್ಲ. ಸೋ ಇವಳು ಅಷ್ಟು ಹೈ ಇದಾಳೆ."

ಅವಳ ಮುಖ ನೋಡಿದರೆ ಹೌದು ಎನ್ನಬೇಕು ಎನ್ನಿಸಿತು. ಎನ್ನಲು ಆಗಲಿಲ್ಲ. ಅವಳಿಗೆ ಅವರು ಕಲಿಸಿದ್ದೂ ಅದನ್ನಲ್ಲ.

"ಬಾಲ್ಕನಿ ಎಲ್ಲೈತಿ ನೋಡು," ಎಂದೆ.

ಅವಳು ನೋಡಿದಳು. ಆಮೇಲೆ ನನ್ನ ಭುಜಕ್ಕೆ ತಲೆ ಇಟ್ಟಳು. ಪುಸ್ತಕ ಅವಳ ಮಡಿಲಲ್ಲೇ ಇತ್ತು.

ಆ ಹೆಂಗಸು ಇರುವುದು ಮೂರನೆಯ ಮಹಡಿಯ ಎತ್ತರದಲ್ಲಿ. ಆ ಎತ್ತರದಲ್ಲಿ ಇರುವವರಿಗೆ ನೆಲದ ಮೇಲೆ ನೆರಳು ಬೀಳುತ್ತದೆ. ಚಿತ್ರದಲ್ಲಿ ಅದು ಇಲ್ಲ.